ಕೆಟ್ಟ ನೆನಪಿಲ್ಲದ ಗೆಳೆಯ

ಹೋದ ದೀಪಾವಳಿಗೆ ಮಗಳು ಪುಣೆಯಿಂದ ಬಂದಿದ್ದಳು. ಅವಳ ಮಗ ಇಂಜಿನಿಯರಿಂಗ್ ಎರಡನೇ ವರ್ಷ ಓದುವವ. ಊಟ ಆದ ಮೇಲೆ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಏನೋ ನೋಡುತ್ತ ಒಬ್ಬನೇ ನಗುತ್ತಿದ್ದ. ಇಣುಕಿ ನೋಡಿದೆ. ಗೊಂಬೆ ಚಿತ್ರ. ಕೂದಲು ಕೆದರಿದ ಒಬ್ಬ ಮುದುಕ ಒಬ್ಬ ಹುಡುಗನನ್ನು ಎಳೆದುಕೊಂಡು ಓಡುತ್ತಿದ್ದ.

"ಇಷ್ಟು ದೊಡ್ಡವ ಆಗೀದಿ, ಇನ್ನೂ ಕಾರ್ಟೂನ್ ನೋಡ್ತೀಯೇನೋ?" ಅಂದೆ.

"ಅಜ್ಜಾ, ಇದು ಸಣ್ಣ ಹುಡುಗರದಲ್ಲ. ಅವರು ನೋಡಲೇಬಾರದು. ನಿನಗೂ ಅಲ್ಲ ಬಿಡು," ಅಂದ.

ನನಗಲ್ಲ ಅಂದದ್ದಕ್ಕೇ ನೋಡಬೇಕು ಅನಿಸಿತು. ಮೂರು ರಾತ್ರಿ ಕೂತು ಮೂರು ಕಂತು ನೋಡಿದೆ. ಇಂಗ್ಲಿಷ್ ಮಾತು ಭಾಳ ಜೋರು, ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ಹುಡುಗ ನಡುನಡುವೆ ನಿಲ್ಲಿಸಿ ಕನ್ನಡ, ಮರಾಠಿ ಕಲಸಿ ಹೇಳಿದ. ನಕ್ಕೆವು. ಆದರೆ ಮೂರನೆಯ ರಾತ್ರಿ ಕಂತು ಮುಗಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಎದ್ದು ಎದುರಿಗೆ ಕೂತಿತು. ಅದನ್ನು ಕಡೆಗೆ ಹೇಳುತ್ತೇನೆ. ಮೊದಲು ಆ ಗೊಂಬೆ ಚಿತ್ರದ ಮಾತು.

ಅದರ ಹೆಸರು 'ರಿಕ್ ಆ್ಯಂಡ್ ಮೊರ್ಟಿ'. ಅಮೆರಿಕದ್ದು. ಜಸ್ಟಿನ್ ರಾಯ್‌ಲ್ಯಾಂಡ್ ಮತ್ತು ಡ್ಯಾನ್ ಹಾರ್ಮನ್ ಎಂಬ ಇಬ್ಬರು ಹುಟ್ಟುಹಾಕಿದ್ದು. 2013ರ ಡಿಸೆಂಬರ್‌ನಲ್ಲಿ 'ಅಡಲ್ಟ್ ಸ್ವಿಮ್' ಎಂಬ ವಾಹಿನಿಯಲ್ಲಿ ಶುರುವಾಯಿತು. ಹಗಲು ಹೊತ್ತು ಮಕ್ಕಳಿಗೆ ಕಾರ್ಟೂನ್ ತೋರಿಸುವ ವಾಹಿನಿಯೇ ಮಕ್ಕಳು ಮಲಗಿದ ಮೇಲೆ ದೊಡ್ಡವರಿಗೆ ತೋರಿಸುವ ಪಾಳಿ ಅದು. ಬೈಗುಳ, ಕುಡಿತ, ರಕ್ತ ಎಲ್ಲಾ ಇದೆ. ಶಾಲೆಯ ಮಕ್ಕಳ ಮುಂದೆ ಹಚ್ಚುವಂಥದ್ದಲ್ಲ ಎಂದು ಶಿಕ್ಷಕ ಬಂಧುಗಳಿಗೆ ಮೊದಲೇ ಹೇಳಿಬಿಡುತ್ತೇನೆ.

ರಿಕ್ ಎಂಬುವ ಅಜ್ಜ. ಮಹಾ ವಿಜ್ಞಾನಿ, ಮಹಾ ಕುಡುಕ. ಮೊರ್ಟಿ ಅವನ ಮಗಳ ಮಗ, ಹದಿನಾಲ್ಕು ವರ್ಷದ ಪುಕ್ಕಲು ಹುಡುಗ. ಮಗಳು ಬೆತ್ ಕುದುರೆಗಳ ವೈದ್ಯೆ. ಅಳಿಯ ಜೆರ್ರಿ ಜಾಹೀರಾತಿನ ನೌಕರಿಯವ, ಯಾರೂ ಲೆಕ್ಕಕ್ಕೆ ಹಿಡಿಯದವ. ಮೊಮ್ಮಗಳು ಸಮ್ಮರ್. ಅಜ್ಜ ಮೊಮ್ಮಗನನ್ನು ಕಟ್ಟಿಕೊಂಡು ಲೋಕಲೋಕ ತಿರುಗುತ್ತಾನೆ. ತಲೆಬುಡ ಇಲ್ಲದ ಕತೆ ಅನ್ನಿಸುತ್ತದೆ. ಆದರೆ ಕನಸಿಗಾದರೂ ತಲೆಬುಡ ಎಲ್ಲಿರುತ್ತದೆ? ಹಂಗಂತ ಕನಸು ಸುಳ್ಳೇ ಹೇಳುತ್ತದೆ ಅನ್ನಲಿಕ್ಕೂ ಬರುವುದಿಲ್ಲ.

ಮೊದಲ ರಾತ್ರಿ ನೋಡಿದ್ದು ಕನಸಿನ ಕತೆಯೇ. 2013ರಲ್ಲೇ ಬಂದ ಎರಡನೆಯ ಕಂತು. ಮೊರ್ಟಿಗೆ ಗಣಿತದಲ್ಲಿ ಅಂಕ ಕಡಿಮೆ. ಅಜ್ಜ ಹೇಳುತ್ತಾನೆ: ಓದುವ ಉಸಾಬರಿ ಯಾಕೆ, ಗಣಿತದ ಮಾಸ್ತರ ನಿದ್ದೆ ಮಾಡುವಾಗ ಅವನ ಕನಸಿನೊಳಗೆ ಹೊಕ್ಕು 'ಈ ಹುಡುಗನಿಗೆ ಒಳ್ಳೆ ಅಂಕ ಕೊಡು' ಎಂಬ ವಿಚಾರ ಬಿತ್ತಿ ಬರೋಣ. ಇಬ್ಬರೂ ಮಾಸ್ತರನ ಕನಸಿಗೆ ಹೋಗುತ್ತಾರೆ. ಅಲ್ಲಿ ಎಡವಟ್ಟಾಗುತ್ತದೆ. ತಪ್ಪಿಸಿಕೊಳ್ಳಲಿಕ್ಕೆ ಕನಸಿನೊಳಗಿನ ಪಾತ್ರದ ಕನಸಿಗೆ, ಅದರೊಳಗಿನ ಇನ್ನೊಂದರ ಕನಸಿಗೆ ಇಳಿಯುತ್ತ ಹೋಗುತ್ತಾರೆ. ಕನಸಿನಲ್ಲಿ ಸತ್ತರೆ ನಿಜವಾಗಿಯೂ ಸತ್ತಂತೆ. ಅಲ್ಲೊಬ್ಬ ಭಯಾನಕ ಮನುಷ್ಯ ಬೆನ್ನು ಹತ್ತುತ್ತಾನೆ. ಹೆಸರೇ 'ಸ್ಕೇರಿ ಟೆರ್ರಿ', ಅಂದರೆ ಅಂಜಿಸುವ ಟೆರ್ರಿ. ಬೆರಳಿಗೆಲ್ಲಾ ಚೂರಿ. ಎಲ್ಲಿ ಅಡಗಿದರೂ ಹುಡುಕುತ್ತಾನೆ.

ಕಡೆಗೆ ಅಜ್ಜನಿಗೊಂದು ಉಪಾಯ ಹೊಳೆಯುತ್ತದೆ. ಈ ಭೂತವೂ ಎಂದಾದರೂ ದಣಿದು ಮಲಗಲೇಬೇಕಲ್ಲ? ಕಾಯುತ್ತಾರೆ. ಟೆರ್ರಿ ಮನೆಗೆ ಹೋಗುತ್ತಾನೆ. ಅವನಿಗೂ ಹೆಂಡತಿ, ಕೂಸು. ಮಲಗುತ್ತಾನೆ. ಇವರು ಅವನ ಕನಸಿಗೆ ಹೊಗುತ್ತಾರೆ. ಅಲ್ಲೇನು ಕಾಣುತ್ತದೆ ಗೊತ್ತೇನು? ಒಂದು ಶಾಲೆಯ ತರಗತಿ. ಟೆರ್ರಿ ಬೆಂಚಿನ ಮೇಲೆ ಚಡ್ಡಿ ಇಲ್ಲದೆ ಕೂತಿದ್ದಾನೆ. ಮಾಸ್ತರ ಎದ್ದು ನಿಲ್ಲು, ಉತ್ತರ ಹೇಳು ಅನ್ನುತ್ತಿದ್ದಾನೆ. ಉತ್ತರ ಬರುತ್ತಿಲ್ಲ.

ಶಿಕ್ಷಕ ಬಂಧುಗಳೇ, ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವ ನಾನು. ಈ ದೃಶ್ಯಕ್ಕೆ ನನಗೆ ನಗು ಬರಲಿಲ್ಲ. ಊರನ್ನೆಲ್ಲ ಅಂಜಿಸುವ ಮನುಷ್ಯನ ಹೊಟ್ಟೆಯೊಳಗೆ, ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಬೆವರುವ ಒಂದು ಮಗು ಇನ್ನೂ ಕೂತಿದೆ. ರಿಕ್ ಮತ್ತು ಮೊರ್ಟಿ ಅಲ್ಲಿ ಅವನ ಪಕ್ಷ ವಹಿಸುತ್ತಾರೆ. ಅಷ್ಟೇ. ಭೂತ ಗೆಳೆಯನಾಗಿಬಿಡುತ್ತದೆ. ಬೆನ್ನು ಹತ್ತಿದ್ದವನೇ ಮುಂದೆ ನಿಂತು ದಾರಿ ಮಾಡಿಕೊಡುತ್ತಾನೆ.

ಕನಸು ಇಲ್ಲಿ ಕತ್ತಲೆಯ ಜಾಗ ಅಲ್ಲ. ಇನ್ನೊಬ್ಬನಿಗೆ ಏನು ನೋವಿದೆ, ಯಾವುದರ ಅಂಜಿಕೆ ಇದೆ ಎಂದು ನೋಡುವ ಕಿಟಕಿ. ನಮಗೆ ಆ ಯಂತ್ರ ಇಲ್ಲ. ಇನ್ನೊಬ್ಬನ ಕನಸು ನಮಗೆ ಕಾಣುವುದಿಲ್ಲ. ಕಾಣದ ಕಡೆ ನಾವು ಏನು ತುಂಬುತ್ತೇವೆ? ನಮ್ಮ ಅಂಜಿಕೆಯನ್ನೇ ತುಂಬುತ್ತೇವೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ. ಅನುಮಾನ ಹುಟ್ಟುವ ಜಾಗ ಇದೇ ಅಂತ ನನಗೆ ತೋರುತ್ತದೆ.

ಎರಡನೆಯ ರಾತ್ರಿಯದು ಇನ್ನೂ ವಿಚಿತ್ರ. 2014ರ ಜನವರಿಯಲ್ಲಿ ಬಂದ ಕಂತು. ಬೇರೆ ಲೋಕದ ಠಕ್ಕರು ರಿಕ್‌ನ ಒಂದು ಗುಟ್ಟು ಕದಿಯಬೇಕೆಂದು ಅವನನ್ನು ಸುಳ್ಳು ಲೋಕದೊಳಗೆ ಇಡುತ್ತಾರೆ. ಮನೆ, ಬೀದಿ, ಶಾಲೆ ಎಲ್ಲಾ ಹಂಗೇ ಕಾಣುತ್ತವೆ. ಆದರೆ ಎಲ್ಲಾ ಯಂತ್ರ ತೋರಿಸುವ ಚಿತ್ರ. ರಿಕ್‌ಗೆ ಸಂಶಯ ಬರುತ್ತದೆ, ಹೊರಗೆ ಬರುತ್ತಾನೆ. ಹೊರಗೆ ಬಂದೆ ಅಂದುಕೊಂಡದ್ದೂ ಇನ್ನೊಂದು ಸುಳ್ಳು ಲೋಕ. ಅದರಿಂದಲೂ ಹೊರಗೆ ಬಂದರೆ ಅದೂ ಸುಳ್ಳು. ಕಡೆಗೆ ತಿಳಿಯುವುದೇನೆಂದರೆ, ಅಷ್ಟು ಹೊತ್ತೂ ಜೊತೆಗಿದ್ದ ಮೊಮ್ಮಗ ಮೊರ್ಟಿಯೇ ನಿಜವಾದ ಮೊರ್ಟಿ ಅಲ್ಲ.

ಅದೇ ಯಂತ್ರದೊಳಗೆ ಅಳಿಯ ಜೆರ್ರಿಯೂ ಅಕಸ್ಮಾತ್ ಸಿಕ್ಕಿಬಿದ್ದಿರುತ್ತಾನೆ. ಅವನಿಗಾಗಿ ಯಂತ್ರವನ್ನು ನೂರಕ್ಕೆ 5ರಷ್ಟು ಮಾತ್ರ ನಡೆಸುತ್ತಾರೆ. ಮಂದಿ ಹೇಳಿದ್ದನ್ನೇ ಹೇಳುತ್ತಾರೆ, ಹೋಗಿ ಗೋಡೆಗೆ ಬಡಿಯುತ್ತಾರೆ. ಜೆರ್ರಿಗೆ ಏನೂ ಗೊತ್ತಾಗುವುದಿಲ್ಲ! ಸೇಬು ಮಾರಲಿಕ್ಕೆ ಒಂದು ಪೇಲವ ಘೋಷಣೆ ಬರೆದಿರುತ್ತಾನೆ. ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಪ್ರಶಸ್ತಿ ಕೊಡುತ್ತಾರೆ. ಅವನ ಜೀವಮಾನದಲ್ಲೇ ಅತಿ ಸುಖದ ದಿವಸ ಅದು. ಯಂತ್ರ ಆರಿಸುತ್ತಾರೆ. ಆಮೇಲೆ ನಿಜವಾದ ಸಾಹೇಬನ ಮುಂದೆ ಅದೇ ಘೋಷಣೆ ಹೇಳಿದಾಗ ನೌಕರಿಯಿಂದ ತೆಗೆದುಹಾಕುತ್ತಾರೆ.

ಮಾವ ಒಂದು ತುದಿ, ಅಳಿಯ ಇನ್ನೊಂದು ತುದಿ. ಅಳಿಯನಿಗೆ ಅನುಮಾನವೇ ಇಲ್ಲ. ಮಾವನಿಗೆ ಅನುಮಾನ ಬಿಟ್ಟು ಮತ್ತೇನೂ ಇಲ್ಲ. ಗೆಲ್ಲುವವ ಮಾವ, ನಿಜ. ಠಕ್ಕರಿಗೆ ಸುಳ್ಳು ಸೂತ್ರ ಕೊಟ್ಟು, ಅವರು ಅದನ್ನು ಕಲಸಿದಾಗ ಅವರ ಹಡಗೇ ಸಿಡಿಯುವಂತೆ ಮಾಡುತ್ತಾನೆ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ರಾತ್ರಿ ರಿಕ್ ಕುಡಿದು ತೂರಾಡುತ್ತ ಮೊಮ್ಮಗನ ಕೋಣೆಗೆ ಬರುತ್ತಾನೆ. ನೀ ಒಳ್ಳೆ ಹುಡುಗ ಕಣೋ ಅನ್ನುತ್ತಾನೆ. ಅನ್ನುತ್ತಲೇ ಚೂರಿ ತೆಗೆದು ಹುಡುಗನ ಕುತ್ತಿಗೆಗೆ ಹಿಡಿದು ಕೇಳುತ್ತಾನೆ: ನೀ ನಿಜವಾದವನೋ, ಯಂತ್ರದ ಚಿತ್ರವೋ? ಹುಡುಗ ನಡುಗುತ್ತಾನೆ. ಮುದುಕ ಅಲ್ಲೇ ಬಿದ್ದು ನಿದ್ದೆಹೋಗುತ್ತಾನೆ.

ಯೋಚನೆ ಮಾಡಿರಿ. ಆ ಹುಡುಗ ಏನು ಉತ್ತರ ಕೊಟ್ಟರೆ ಅಜ್ಜನಿಗೆ ಸಮಾಧಾನ ಆದೀತು? 'ನಾ ನಿಜವಾದವ' ಅಂದರೆ, ಸುಳ್ಳು ಮೊಮ್ಮಗನೂ ಹಂಗೇ ಅನ್ನುತ್ತಾನಲ್ಲ. ಅತ್ತರೆ, ಯಂತ್ರಕ್ಕೂ ಅಳಲಿಕ್ಕೆ ಬರುತ್ತದೆ. ಸುಮ್ಮನಿದ್ದರೆ, ಯಾಕೆ ಸುಮ್ಮನಿದ್ದಾನೆ? ಯಾವ ಉತ್ತರವೂ ಉತ್ತರ ಆಗದಂಥ ಪ್ರಶ್ನೆ ಅದು. ಈ ಮಾತು ನೆನಪಿನಲ್ಲಿರಲಿ, ಇದಕ್ಕೆ ಮತ್ತೆ ಬರುತ್ತೇನೆ.

ಇದು ಕನಸೋ ನಿಜವೋ ಎಂಬ ಪ್ರಶ್ನೆ ಅಮೆರಿಕದವರು ಹೊಸದಾಗಿ ಕಂಡುಹಿಡಿದದ್ದಲ್ಲ. ಜನಕ ಮಹಾರಾಜನ ಕತೆ ನಮ್ಮ ಪುರಾಣ ಹೇಳುವವರ ಬಾಯಲ್ಲಿ ಕೇಳಿದ್ದೇವೆ. ಅರಸ ಕನಸಿನಲ್ಲಿ ರಾಜ್ಯ ಕಳಕೊಂಡು ಹಸಿದು ಭಿಕ್ಷೆ ಬೇಡುತ್ತಾನೆ, ಎಚ್ಚರಾದಾಗ ಮೆತ್ತನ್ನ ಹಾಸಿಗೆ. ಅದು ನಿಜವೋ, ಇದು ನಿಜವೋ ಎಂದು ಕಂಡಕಂಡವರನ್ನೆಲ್ಲ ಕೇಳುತ್ತಾನೆ. ಅಷ್ಟಾವಕ್ರ ಬಂದು ಉತ್ತರ ಹೇಳುವತನಕ ಅವನಿಗೆ ರಾಜ್ಯಭಾರವೇ ಬೇಡವಾಗುತ್ತದೆ. ಫ್ರಾನ್ಸಿನ ದೆಕಾರ್ತ್ ಎಂಬ ತತ್ತ್ವಜ್ಞಾನಿ 1641ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನೇ ಹಿಡಿದ. ಒಲೆಯ ಮುಂದೆ ಕೂತಿದ್ದೇನೆ ಎಂದು ನನಗೆ ಅನಿಸುತ್ತದೆ, ಆದರೆ ಹಿಂಗೇ ಅನಿಸುವ ಕನಸನ್ನೂ ಕಂಡಿದ್ದೇನಲ್ಲ ಎಂದು ಕೇಳಿಕೊಂಡ. ಯಾವುದನ್ನು ಸಂಶಯಿಸಲಿಕ್ಕೆ ಬರುತ್ತದೋ ಅದನ್ನೆಲ್ಲ ಸಂಶಯಿಸಿ, ಉಳಿದದ್ದರ ಮೇಲೆ ಕಟ್ಟಡ ಕಟ್ಟಿದ.

ಆದರೆ ದೆಕಾರ್ತ್ ಇನ್ನೊಂದು ಮಾತನ್ನೂ ಹೇಳಿದ್ದ. ಅದನ್ನು ಮಂದಿ ಮರೆಯುತ್ತಾರೆ. 1637ರ ಪುಸ್ತಕದಲ್ಲಿ ಅವನ ವಿಚಾರ ಹೀಗಿದೆ: ಇರುವ ಮನೆ ಕೆಡವಿ ಹೊಸದು ಕಟ್ಟುವವ, ಕಟ್ಟಡ ಮುಗಿಯುವತನಕ ಇರಲಿಕ್ಕೆ ಬೇರೊಂದು ಮನೆ ನೋಡಿಕೊಂಡಿರಬೇಕು. ಅಂದರೆ ತಲೆಯೊಳಗೆ ಎಷ್ಟೇ ಸಂಶಯಿಸು, ನಡೆಯುವಾಗ, ನಾಲ್ಕು ಮಂದಿಯೊಡನೆ ಬಾಳುವಾಗ ಒಂದು ಸಾಧಾರಣ ನೀತಿ ಹಿಡಿದು ನಡೆ. ರಿಕ್‌ಗೆ ಇಲ್ಲದ್ದು ಈ ಎರಡನೆಯ ಮನೆ. ಅವ ಇದ್ದ ಮನೆಯನ್ನೇ ಕೆಡವುತ್ತಾನೆ, ಮೊಮ್ಮಗ ಒಳಗೆ ಮಲಗಿರುವಾಗಲೇ.

ನಮ್ಮ ಮಾತಿನಲ್ಲೇ ಒಂದು ಬೆರಗಿನ ಸಂಗತಿ ಇದೆ ನೋಡಿರಿ. 'ಅನುಮಾನ' ಎಂಬ ಶಬ್ದಕ್ಕೆ ತರ್ಕಶಾಸ್ತ್ರದಲ್ಲಿ ಬಲು ಮರ್ಯಾದೆ. ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಅದು ಜ್ಞಾನ ಪಡೆಯುವ ಒಂದು ದಾರಿ, ಒಂದು ಪ್ರಮಾಣ. ಅದೇ ಶಬ್ದ ನಮ್ಮ ಬೀದಿಗೆ ಬಂದರೆ 'ಅವನ ಮ್ಯಾಲ ನನಗ ಅನುಮಾನ' ಆಗುತ್ತದೆ. ತಿಳಿವಿಗೂ ರೋಗಕ್ಕೂ ಒಂದೇ ಹೆಸರು. ಎರಡರ ನಡುವೆ ಗೆರೆ ಎಲ್ಲಿದೆ?

ನ್ಯಾಯಶಾಸ್ತ್ರದವರು ಹದಿನಾರು ಪದಾರ್ಥ ಎಣಿಸುತ್ತಾರೆ. ಅದರಲ್ಲಿ ಸಂಶಯ ಮೂರನೆಯದು, ನಿರ್ಣಯ ಒಂಬತ್ತನೆಯದು. ನಡುವೆ ಪ್ರಯೋಜನ, ದೃಷ್ಟಾಂತ, ಸಿದ್ಧಾಂತ, ಅವಯವ, ತರ್ಕ. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಸಂಶಯ ಪಾಪ ಅಲ್ಲ, ಅದಿಲ್ಲದೆ ವಿಚಾರವೇ ಶುರುವಾಗುವುದಿಲ್ಲ. ಆದರೆ ಅದು ಹೊರಟ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ನಿರ್ಣಯಕ್ಕೆ ಮುಟ್ಟಬೇಕು. ಮೂರನೆಯ ಮೆಟ್ಟಿಲಿನಿಂದ ಒಂಬತ್ತನೆಯದಕ್ಕೆ ಹಾರಿದರೆ ಕಾಲು ಮುರಿಯುತ್ತದೆ. ಮುರಿಯುವುದು ನಮ್ಮ ಕಾಲಲ್ಲ, ಇನ್ನೊಬ್ಬನದು.

ಈಗ ಮೂರನೆಯ ರಾತ್ರಿ. ಈ ಕಂತು 2015ರ ಆಗಸ್ಟ್‌ನದು. ಇಡೀ ಕತೆ ಒಂದೇ ಮನೆಯೊಳಗೆ ನಡೆಯುತ್ತದೆ.

ಮನೆಮಂದಿ ಕೂತು ತಿನ್ನುತ್ತಿದ್ದಾರೆ. ಸ್ಟೀವ್ ಕಾಕಾನೂ ಇದ್ದಾನೆ, ಎಲ್ಲರಿಗೂ ಬೇಕಾದವ. ರಿಕ್ ಒಳಗೆ ಬಂದವನೇ ಅವನ ತಲೆಗೆ ಗುಂಡು ಹೊಡೆಯುತ್ತಾನೆ. ಎಲ್ಲರೂ ಚೀರುತ್ತಾರೆ. ನೋಡನೋಡುತ್ತ ಸ್ಟೀವ್ ಕಾಕಾ ಒಂದು ದೊಡ್ಡ ಹುಳ ಆಗುತ್ತಾನೆ. ಅದು ಬೇರೆ ಲೋಕದಿಂದ ಬಂದ ಬದನಿಕೆಯಂಥ ಜೀವಿ. ಅದರ ಕಸುಬೇನೆಂದರೆ ನಮ್ಮ ತಲೆಯೊಳಗೆ ಇಲ್ಲದ ನೆನಪು ನೆಡುವುದು. ಸ್ಟೀವ್ ಕಾಕಾ ಎಂಬ ಮನುಷ್ಯ ಎಂದೂ ಇರಲೇ ಇಲ್ಲ. ಆದರೆ ಎಲ್ಲರಿಗೂ ಅವನು ಮಾಡಿದ ಉಪಕಾರ, ಆಡಿದ ಆಟ ನೆನಪಿದೆ.

ರಿಕ್ ಮನೆಯ ಕಿಟಕಿ ಬಾಗಿಲಿಗೆಲ್ಲ ಉಕ್ಕಿನ ಪರದೆ ಇಳಿಸುತ್ತಾನೆ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಆದರೂ ಒಳಗಿನ ಮಂದಿ ಹೆಚ್ಚುತ್ತ ಹೋಗುತ್ತಾರೆ. 'ನೆನಪೈತೇನು, ಆ ವರ್ಷ...' ಎಂದು ಯಾರೋ ಶುರುಮಾಡಿದರೆ ಸಾಕು, ಒಬ್ಬ ಹೊಸಬ ಹುಟ್ಟಿ ಬದಿಗೆ ಕೂತಿರುತ್ತಾನೆ. ಬಟ್ಲರ್ ಬರುತ್ತಾನೆ, ಪೆನ್ಸಿಲ್‌ನಂಥ ಗೆಳೆಯ ಬರುತ್ತಾನೆ, ಫೋಟೋ ತೆಗೆಯುವ ಡೈನೋಸಾರ್ ಬರುತ್ತದೆ, ತಲೆಕೆಳಗಾದ ಜಿರಾಫೆ ಬರುತ್ತದೆ. ಬೆತ್‌ಗೆ ಒಬ್ಬ ಹೊಸ ಗಂಡನ ನೆನಪೇ ಬರುತ್ತದೆ. ಆಗ ನಿಜವಾದ ಗಂಡ ಜೆರ್ರಿ ಆ ಮನೆಗೆ ಬರೇ ಗೆಳೆಯ ಆಗಿಬಿಡುತ್ತಾನೆ. ಒಬ್ಬರ ಮೇಲೊಬ್ಬರಿಗೆ ಸಂಶಯ. ಎಲ್ಲರ ಕೈಯಲ್ಲೂ ಬಂದೂಕು. ಕಡೆಗೆ ಎಲ್ಲರೂ ರಿಕ್‌ನ ಮೇಲೆಯೇ ತಿರುಗುತ್ತಾರೆ: ನೀನೇ ಹುಳ.

ಮೊರ್ಟಿ ಅಜ್ಜನನ್ನು ಗ್ಯಾರೇಜಿಗೆ ಕರೆದೊಯ್ದು ಬಂದೂಕು ಹಿಡಿಯುತ್ತಾನೆ. ಗುಂಡು ಹೊಡೆಯಬೇಕು, ಆಗ ಅವನಿಗೆ ಅಜ್ಜ ತನಗೆ ಮಾಡಿದ ಕೆಟ್ಟದ್ದೆಲ್ಲಾ ನೆನಪಾಗುತ್ತದೆ. ಅವಮಾನ ಮಾಡಿದ್ದು, ಅಪಾಯಕ್ಕೆ ತಳ್ಳಿದ್ದು. ಥಟ್ಟನೆ ಹೊಳೆಯುತ್ತದೆ: ಈ ಹುಳಗಳಿಗೆ ಒಳ್ಳೆಯ ನೆನಪು ಮಾತ್ರ ನೆಡಲಿಕ್ಕೆ ಬರುತ್ತದೆ. ಯಾರ ಬಗ್ಗೆ ಕೆಟ್ಟ ನೆನಪಿದೆಯೋ ಅವರೇ ನಿಜವಾದವರು! ಅಲ್ಲಿಂದ ಸಂಹಾರ ಶುರು. ಕೆಟ್ಟ ನೆನಪಿಲ್ಲದವರನ್ನೆಲ್ಲ ಹುಡುಕಿ ಹುಡುಕಿ ಹೊಡೆಯುತ್ತಾರೆ. ಹೊಡೆದವರೆಲ್ಲ ಹುಳ ಆಗಿ ಬೀಳುತ್ತಾರೆ. ಪರೀಕ್ಷೆ ಗೆದ್ದಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಈ ಪರೀಕ್ಷೆಯಲ್ಲಿ ದೊಡ್ಡ ಸತ್ಯ ಇದೆ. ನಮ್ಮ ನಿಜವಾದ ಸಂಬಂಧಿಕರು ಯಾರು? ಯಾರ ಜೊತೆ ಬದುವಿಗಾಗಿ ಜಗಳ ಆಡಿದ್ದೇವೋ, ಯಾರ ಮದುವೆಯಲ್ಲಿ ಊಟ ಬಿಟ್ಟು ಎದ್ದು ಬಂದಿದ್ದೇವೋ, ಯಾರ ಮಾತು ಹತ್ತು ವರ್ಷ ಆದರೂ ಚುಚ್ಚುತ್ತದೋ ಅವರು. ಬರೇ ಸಿಹಿಯಾದ ನೆನಪು ಕೊಡುವವ ಪರಸ್ಥಳದವನೇ ಇರಬೇಕು. ಮನೆಯಲ್ಲಿ ಜಗಳ ಇದೆ ಎಂದು ಕೊರಗುವವರಿಗೆ ಈ ಕತೆ ಒಂದು ಸಮಾಧಾನ. ಜಗಳ ಇದೆ, ಅಂದರೆ ಅಲ್ಲಿ ನಿಜವಾದ ಮಂದಿ ಇದ್ದಾರೆ.

ಆದರೆ ಕತೆ ಬರೆದವರು ನಮ್ಮನ್ನು ಆ ಸಮಾಧಾನದಲ್ಲಿ ಬಿಡುವುದಿಲ್ಲ.

ಎಲ್ಲಾ ಮುಗಿದ ಮೇಲೆ ಮನೆಮಂದಿ ಮೇಜಿನ ಸುತ್ತ ಕೂಡುತ್ತಾರೆ. ಜೊತೆಗೆ ಇನ್ನೊಬ್ಬ ಇದ್ದಾನೆ, ಕಂತಿನ ಮೊದಲಿನಿಂದಲೂ ಇದ್ದವ. ಹೆಸರು ಸಭೆಯಲ್ಲಿ ಹೇಳುವಂಥದ್ದಲ್ಲ, 'ಮಿಸ್ಟರ್ ಪೂಪಿಬಟ್‌ಹೋಲ್' ಅಂತ. ಕೆಟ್ಟ ಹೆಸರಿನ ಒಳ್ಳೆ ಮನುಷ್ಯ. ಮನೆಯ ಬಹುಕಾಲದ ಗೆಳೆಯ. ಎಲ್ಲರೊಡನೆ ನಗುತ್ತ ಇರುವವ. ಬೆತ್ ಅವನನ್ನೇ ನೋಡುತ್ತಾಳೆ. ನೆನಪು ಕೆದಕುತ್ತಾಳೆ. ಇವನ ಬಗ್ಗೆ ಒಂದೇ ಒಂದು ಕೆಟ್ಟ ನೆನಪು ಇಲ್ಲವಲ್ಲ! ಬಂದೂಕು ಎತ್ತಿ ಹೊಡೆದುಬಿಡುತ್ತಾಳೆ.

ಅವ ಹುಳ ಆಗುವುದಿಲ್ಲ. ರಕ್ತ ಬರುತ್ತದೆ. ಅವ ನಿಜವಾದವ.

ಬೆತ್ ನಡುಗುವ ಕೈಯಿಂದ ಮದ್ಯ ಬಗ್ಗಿಸಿಕೊಳ್ಳಲಿಕ್ಕೆ ಹೋಗುತ್ತಾಳೆ. ಆಮೇಲೆ ಆಸ್ಪತ್ರೆ. ಜೀವ ಉಳಿಯುತ್ತದೆ. ಮನೆಮಂದಿ ನೋಡಲಿಕ್ಕೆ ಹೋದರೆ ಅವ ಒಳಗೆ ಬರಗೊಡುವುದಿಲ್ಲ. ಅಲ್ಲಿಯವರ ಕೈಲಿ ಹೇಳಿಕಳಿಸುತ್ತಾನೆ: ನನ್ನ ಬಗ್ಗೆ ನಿಮಗೆ ಕೆಟ್ಟ ನೆನಪು ಒಂದೂ ಇರಲಿಲ್ಲವಲ್ಲ, ಅದಕ್ಕೆ ಕ್ಷಮೆ ಇರಲಿ, ಅಂತ.

ನನಗೆ ನಿದ್ದೆ ಬಾರದ ರಾತ್ರಿ ಅದು.

ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಹೊಲದಲ್ಲಿ ಒಬ್ಬ ದುಡಿಯುತ್ತಿದ್ದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ಈ ಪುಸ್ತಕ ಅವನ ಊರಿಗೂ ಹೋದೀತು. ಹದಿನೆಂಟು ವರ್ಷ ನಮ್ಮಲ್ಲಿ ಇದ್ದ. ನಾನು ಶಾಲೆಗೆ ಹೋದರೆ ಹೊಲ, ದನ, ಮುದುಕರಾದ ತಂದೆಯವರು ಎಲ್ಲಾ ಅವನ ಮೇಲೆಯೇ. ಒಂದು ದಿನ ಎದುರು ಮಾತಾಡಲಿಲ್ಲ. ಸಂಬಳ ತಡವಾದರೂ ಮುಖ ಕೆಡಿಸಲಿಲ್ಲ. ಆ ವರ್ಷ ತೊಗರಿ ಮಾರಿದ ರೊಕ್ಕ, 14 ಸಾವಿರ, ಟ್ರಂಕಿನಲ್ಲಿ ಇಟ್ಟದ್ದು ಕಾಣಲಿಲ್ಲ. ಒಳಕೋಣೆಗೆ ಬಂದು ಹೋಗುವ ಹೊರಗಿನವ ಅವನೊಬ್ಬನೇ.

ನಾನು ಏನೂ ಅನ್ನಲಿಲ್ಲ. ಅನ್ನಲಿಲ್ಲ ಎಂದು ಆಗ ನನಗೆ ಹೆಮ್ಮೆಯೇ ಇತ್ತು. ಓದಿದ ಮನುಷ್ಯ, ಪುರಾವೆ ಇಲ್ಲದೆ ಆರೋಪ ಮಾಡಬಾರದು ಎಂದು ಸುಮ್ಮನಿದ್ದೆ. ಆದರೆ ಟ್ರಂಕಿನ ಕೀಲಿ ಜನಿವಾರಕ್ಕೆ ಕಟ್ಟಿಕೊಳ್ಳುವವರ ಹಾಗೆ ಉಡದಾರಕ್ಕೆ ಕಟ್ಟಿಕೊಂಡೆ. ಅವ ಒಳಗೆ ಬಂದರೆ ಹೆಂಡತಿಗೆ ಕಣ್ಸನ್ನೆ ಮಾಡಿದೆ. ಅವ ಹೊಸ ಧೋತರ ಉಟ್ಟರೆ ಎಲ್ಲಿಂದ ತಂದ ಎಂದು ಲೆಕ್ಕ ಹಾಕಿದೆ. ಇಷ್ಟು ವರ್ಷ ಇಷ್ಟು ಒಳ್ಳೆಯವನಾಗಿ ಯಾರಾದರೂ ಇರಲಿಕ್ಕೆ ಸಾಧ್ಯವೇನು, ಒಳಗೆ ಏನೋ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಒಳ್ಳೆಯತನವೇ ನನಗೆ ಸಾಕ್ಷಿಯಾಯಿತು. ಬೆತ್ ಹಿಡಿದ ಬಂದೂಕು ಇದೇ ನೋಡಿರಿ.

ಎರಡು ತಿಂಗಳಿಗೆ ಅವ ಬಿಟ್ಟುಹೋದ. ಹೆಂಡತಿಯ ತವರಿಗೆ ಹೋಗ್ತೀನಿ ಅಂದ, ಅಷ್ಟೇ. ಅವ ಹೋದದ್ದನ್ನೂ ನಾನು ಸಾಕ್ಷಿಯ ಲೆಕ್ಕಕ್ಕೇ ಸೇರಿಸಿದೆ. ಬೇಸಿಗೆಯಲ್ಲಿ ಜೋಳದ ದೊಡ್ಡ ತಗಡಿನ ಡಬ್ಬಿ ಬರಿದು ಮಾಡುವಾಗ ತಳದಲ್ಲಿ ಅರಿವೆಯ ಗಂಟು ಸಿಕ್ಕಿತು. 14 ಸಾವಿರ, ಒಂದು ನೋಟು ಕಡಿಮೆ ಇಲ್ಲ. ತಂದೆಯವರಿಗೆ ಆಗಲೇ ಮರೆವು ಹತ್ತಿತ್ತು. ಕಳ್ಳರ ಅಂಜಿಕೆಗೆ ಅವರೇ ತೆಗೆದು ಅಲ್ಲಿ ಹುಗಿಸಿ, ಹುಗಿಸಿದ್ದನ್ನು ಮರೆತಿದ್ದರು.

ಹುಡುಕಿಕೊಂಡು ಅವನ ಊರಿಗೆ ಹೋದೆ. ಚಹಾ ಮಾಡಿಸಿದ. ತಂದೆಯವರನ್ನು ಕೇಳಿದ, ಎತ್ತುಗಳನ್ನು ಕೇಳಿದ. ನಾನು ಎಲ್ಲಾ ಹೇಳಿ ಕೈಮುಗಿದೆ. ಅವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ:

"ಮಾಸ್ತರ್ರ, ನೀವು ಕೇಳಿದ್ರ ನನಗ ಸಿಟ್ಟು ಬರತಿತ್ತು, ಜಗಳಾ ಮಾಡತಿದ್ದೆ, ಮತ್ತ ಸರಿ ಹೋಗತಿತ್ತು. ನೀವು ಕೇಳಲೇ ಇಲ್ಲಲ್ರಿ. ಬರೇ ನೋಡಿದ್ರಿ."

ಮರಳಿ ಬಾ ಅಂದೆ. ಬರಲಿಲ್ಲ.

ಕೇಳುವುದಕ್ಕೂ ನೋಡುವುದಕ್ಕೂ ಇರುವ ವ್ಯತ್ಯಾಸ ಅವ ಒಂದೇ ಮಾತಿನಲ್ಲಿ ಹೇಳಿದ. ನನಗೆ ಅದು ತಿಳಿಯಲಿಕ್ಕೆ ಇಷ್ಟು ವರ್ಷ ಮತ್ತು ಒಂದು ಗೊಂಬೆ ಚಿತ್ರ ಬೇಕಾಯಿತು. ಪ್ರಶ್ನೆ ಕೇಳಿದರೆ ಎದುರಿನವನಿಗೆ ಉತ್ತರ ಕೊಡುವ ಜಾಗ ಇರುತ್ತದೆ. 'ರೊಕ್ಕ ಕಂಡಿಲ್ಲ, ನಿನಗೇನಾದರೂ ಗೊತ್ತೇನು?' ಎಂದು ಕೇಳಿದ್ದರೆ ಅವ ಸಿಟ್ಟಾಗಿಯಾದರೂ 'ಮುತ್ಯಾನ್ನ ಕೇಳ್ರಿ, ಮೊನ್ನೆ ಟ್ರಂಕಿನ ಹತ್ತಿರ ಕೂತಿದ್ರು' ಅನ್ನುತ್ತಿದ್ದನೋ ಏನೋ. ನನ್ನ ಅನುಮಾನದಲ್ಲಿ ಅವನಿಗೆ ಮಾತಾಡುವ ಜಾಗವೇ ಇರಲಿಲ್ಲ. ದುಡಿದರೆ ನಟನೆ, ಸುಮ್ಮನಿದ್ದರೆ ಕಪಟ, ಹೋದರೆ ಪಲಾಯನ. ಮೊರ್ಟಿಯ ಕುತ್ತಿಗೆಗೆ ಚೂರಿ ಹಿಡಿದ ಅಜ್ಜನ ಪ್ರಶ್ನೆಯ ಹಾಗೆ, ಅದಕ್ಕೆ ಯಾವ ಉತ್ತರವೂ ಉತ್ತರ ಆಗುತ್ತಿರಲಿಲ್ಲ.

ಹಾಗಾದರೆ ಅನುಮಾನ ಪಡಲೇಬಾರದೇನು? ಇದನ್ನು ಕೇಳುವವರು ಇದ್ದೇ ಇರುತ್ತಾರೆ, ಕೇಳಬೇಕು ಕೂಡ. ಆ ಮನೆಯಲ್ಲಿ ಹುಳಗಳು ನಿಜವಾಗಿಯೂ ಇದ್ದವಲ್ಲ. ರಿಕ್ ಅನುಮಾನ ಪಡದಿದ್ದರೆ ಮನೆಯನ್ನೇ ತಿಂದು ಹಾಕುತ್ತಿದ್ದವು. ಇವತ್ತು ಬ್ಯಾಂಕಿನವರೆಂದು ಫೋನ್ ಮಾಡಿ ಓಟಿಪಿ ಕೇಳುವವರನ್ನು ನಂಬಿ ರೊಕ್ಕ ಕಳಕೊಂಡವರು ನಮ್ಮಲ್ಲೂ ಇದ್ದಾರೆ. ಜೆರ್ರಿಯ ಹಾಗೆ ಯಾರು ಶಹಬ್ಬಾಸ್ ಅಂದರೂ ಉಬ್ಬುವುದು ಗುಣ ಅಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಅಂದಿಲ್ಲ.

ನಾನು ಈಗ ನನಗಾಗಿ ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಮೊದಲನೆಯದು, ನನ್ನ ಅನುಮಾನವನ್ನು ಸುಳ್ಳು ಮಾಡುವಂಥ ಸಂಗತಿ ಯಾವುದಾದರೂ ಇದೆಯೇನು? ಯಾವುದು ಕಂಡರೆ 'ನಾ ತಪ್ಪಿದೆ' ಅಂತೇನೆ? ಅಂಥದ್ದು ಒಂದೂ ಇಲ್ಲ ಎಂದಾದರೆ ಅದು ತರ್ಕದ ಅನುಮಾನ ಅಲ್ಲ, ರೋಗದ ಅನುಮಾನ. ಎರಡನೆಯದು, ಅನುಮಾನದಿಂದ ನಾನು ಮಾಡಹೊರಟ ಕೆಲಸವನ್ನು ನಾಳೆ ತಿರುಗಿ ಸರಿಪಡಿಸಲಿಕ್ಕೆ ಬರುತ್ತದೆಯೇನು? ಫೋನ್ ಇಟ್ಟುಬಿಟ್ಟು ನಾಳೆ ಬ್ಯಾಂಕಿಗೇ ಹೋಗಿ ಕೇಳಿದರೆ ಏನೂ ಕೆಡುವುದಿಲ್ಲ. ಗುಂಡು ಹೊಡೆದರೆ, ಮಾನ ಕಳೆದರೆ ತಿರುಗಿ ಬರುವುದಿಲ್ಲ. ಮೂರನೆಯದು, ನನ್ನ ಅನುಮಾನ ತಪ್ಪಾದರೆ ನಷ್ಟ ಯಾರಿಗೆ? ನನಗಾದರೆ ಪಡಬಹುದು. ಸಾಮಾನ್ಯವಾಗಿ ನಷ್ಟ ಆಗುವುದು ಕೈಕೆಳಗಿನವರಿಗೆ, ಸೊಸೆಗೆ, ಆಳಿಗೆ, ಬೇರೆ ಊರಿನಿಂದ ಬಂದವರಿಗೆ, ತರಗತಿಯ ಬಡ ಹುಡುಗನಿಗೆ. ತರಗತಿಯಲ್ಲಿ ಪೆನ್ನು ಕಳೆದರೆ ನಾವು ಮಾಸ್ತರರು ಯಾರ ಚೀಲ ಮೊದಲು ಝಾಡಿಸಿದ್ದೇವೆ, ನೆನಪು ಮಾಡಿಕೊಳ್ಳೋಣ.

ಒಂದು ಮಾತು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಕೆಲವರಿಗೆ ಅನುಮಾನ ನಿಜವಾದ ಕಾಯಿಲೆಯಾಗಿ ಬರುತ್ತದೆ. ಊಟದಲ್ಲಿ ವಿಷ ಹಾಕಿದ್ದಾರೆ, ಎಲ್ಲರೂ ನನ್ನನ್ನೇ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತದೆ. ಅದು ಅವರ ತಪ್ಪಲ್ಲ, ನೀತಿಯ ಪ್ರಶ್ನೆಯೂ ಅಲ್ಲ. ಅವರಿಗೆ ಬೇಕಾದದ್ದು ಉಪದೇಶ ಅಲ್ಲ, ಮಂತ್ರ ತಾಯತ ಅಲ್ಲ, ಮನೋವೈದ್ಯರು ಮತ್ತು ಮನೆಯವರ ತಾಳ್ಮೆ. ನಾನು ಬರೆಯುತ್ತಿರುವುದು ಆರೋಗ್ಯವಾಗಿದ್ದೂ, ಓದಿದವರಾಗಿದ್ದೂ, ನಾವಾಗಿ ಬೆಳೆಸಿಕೊಳ್ಳುವ ಅನುಮಾನದ ಬಗ್ಗೆ.

ಮತ್ತೆ ಆ ಮನೆಯ ಮೇಜಿಗೆ ಬರುತ್ತೇನೆ. ಬೆತ್‌ಳ ಪರೀಕ್ಷೆ ತಪ್ಪಿದ್ದೆಲ್ಲಿ? ಹುಳಗಳೆಲ್ಲ ಒಳ್ಳೆಯ ನೆನಪಿನವು, ಅದು ಖರೆ. ಒಳ್ಳೆಯ ನೆನಪಿನವರೆಲ್ಲ ಹುಳ, ಇದು ಖರೆ ಅಲ್ಲ. ಹೊಗೆ ಇದ್ದಲ್ಲಿ ಬೆಂಕಿ ಇದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಕಾಯಿಸಿದ ಕಬ್ಬಿಣದಲ್ಲಿ ಬೆಂಕಿ ಇದ್ದೂ ಹೊಗೆ ಇಲ್ಲ. ತರ್ಕ ಕಲಿಸುವವರು ಮೊದಲ ವರ್ಷದಲ್ಲೇ ಹೇಳುವ ಪಾಠ ಇದು. ಪರೀಕ್ಷೆ ಹತ್ತು ಸಲ ಗೆದ್ದದ್ದರಿಂದ ಅವಳ ಕೈಗೆ ಧೈರ್ಯ ಬಂತು. ಹನ್ನೊಂದನೆಯ ಸಲ ಪರೀಕ್ಷೆ ಮಾಡದೆಯೇ ಹೊಡೆದಳು. ಒಬ್ಬರಾದರೂ 'ಅವನನ್ನೇ ಕೇಳೋಣ' ಅನ್ನಲಿಲ್ಲ.

ಮತ್ತು ಲೋಕದಲ್ಲಿ ಅಂಥವರು ಇರುತ್ತಾರೆ. ಕಡಿಮೆ, ಆದರೆ ಇರುತ್ತಾರೆ. ಯಾರಿಗೂ ಕೆಟ್ಟ ನೆನಪು ಕೊಡದೆ ಬದುಕುವವರು. ಅವರು ದೇವರಲ್ಲ, ಅವರಿಗೂ ಸಿಟ್ಟು ಬರುತ್ತದೆ, ಸಂಬಳ ತಡವಾದರೆ ಅವರ ಮನೆಯಲ್ಲೂ ಒಲೆ ತಣ್ಣಗಿರುತ್ತದೆ. ಅದನ್ನೆಲ್ಲ ತಮ್ಮೊಳಗೇ ಇಟ್ಟುಕೊಂಡು ನಮ್ಮ ಮುಂದೆ ನಗುತ್ತಾರೆ. ನಾವು ಅವರ ಒಳಗಿನದನ್ನು ಎಂದೂ ಕೇಳಿರುವುದಿಲ್ಲ, ಆದ್ದರಿಂದ ಅಲ್ಲಿ ನಮಗೆ ಕತ್ತಲೆ ಕಾಣುತ್ತದೆ. ಅವನ ಕನಸು ಏನಿತ್ತೋ ನನಗೆ ಗೊತ್ತಿಲ್ಲ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿರಲಿಲ್ಲ.

ಮೊಮ್ಮಗ ಪುಣೆಗೆ ಹೊರಡುವ ದಿನ ಕೇಳಿದ: "ಅಜ್ಜಾ, ಕಾರ್ಟೂನ್ ಹೆಂಗನಿಸ್ತು?"

"ಚಲೋ ಐತಿ. ಆದರ ಆ ಹಳದಿ ಮನುಷ್ಯ ಮತ್ತ ಅವರ ಮನಿಗೆ ಬರ್ತಾನೇನು?" ಅಂದೆ.

"ಮುಂದಿನ ಕಂತು ನೋಡು," ಅಂದ. ಅವನಿಗೆ ಗೊತ್ತಿತ್ತು, ಹೇಳಲಿಲ್ಲ.

ನಾನು ಮುಂದಿನದು ನೋಡಿಲ್ಲ. ಆದರೆ ಮರುವಾರ ಬಸ್ಸು ಹಿಡಿದು ಆ ಊರಿಗೆ ಮತ್ತೊಮ್ಮೆ ಹೋಗಿಬಂದೆ. ಅವನಿಗೂ ಈಗ ವಯಸ್ಸಾಗಿದೆ. ಈ ಸಲ ಕ್ಷಮೆ ಕೇಳಲಿಕ್ಕೆ ಹೋಗಲಿಲ್ಲ. ಮಂಡಿನೋವು ಹೆಂಗದ, ಮಗ ಏನು ಮಾಡ್ತಾನ, ರಾತ್ರಿ ನಿದ್ದಿ ಬರ್ತದೇನು ಎಂದು ಕೇಳಿ, ಅವ ಹೇಳುವುದನ್ನು ಕೂತು ಕೇಳಿಸಿಕೊಂಡು ಬಂದೆ.